ಅರ್ಧ ಟಿಕೀಟಿನ ಪಥ್ಯ

ಇದನ್ನು ಹೇಳಬೇಕೆಂದು ಕೂತು ಎದ್ದು, ಮತ್ತೆ ಕೂತು ಎದ್ದು, ಎರಡು ಮಳೆಗಾಲ ದಾಟಿಸಿದ್ದೇನೆ. ಸೋಮಾರಿತನ ಎಂದು ನನ್ನ ಹೆಂಡತಿ ನಂಬಿದ್ದಾಳೆ. ನಂಬಿರಲಿ. ನಿಜವಾದ ಕಾರಣ ನಿಮಗೆ ಕೊನೆಯಲ್ಲಿ ಗೊತ್ತಾಗುತ್ತದೆ.

ಮೊದಲು ಒಂದು ಮಾತು. ನನ್ನ ಭಾವನಷ್ಟು, ಅಂದರೆ ತಂಗಿಯ ಗಂಡನಷ್ಟು, ಒಂದು ಹಿಡಿ ಹುಲ್ಲಿಗಾಗಿ ತಲೆ ಕೆಡಿಸಿಕೊಂಡ ಮನುಷ್ಯ ಭಟ್ಕಳದಿಂದ ಕುಮಟೆಯವರೆಗೆ ಇನ್ನೊಬ್ಬನಿಲ್ಲ. ಮನುಷ್ಯ ಬಿಡಿ, ಎಮ್ಮೆಯೂ ಇಲ್ಲ!

ಭಾವ ಆಯುಷ್ಯವಿಡೀ ಅದೇ ಭಟ್ಕಳ-ಕುಮಟೆ ರಸ್ತೆಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ನಿವೃತ್ತಿಯಾದದ್ದು ಭಾವ ಮಾತ್ರ, ಅವನ ಸೀಟಿಯಲ್ಲ. ಅದು ಇವತ್ತಿಗೂ ಕೊರಳಲ್ಲೇ ಇದೆ. ಒಂದು ಸೀಟಿ ಎಂದರೆ ನಿಲ್ಲು, ಎರಡು ಸೀಟಿ ಎಂದರೆ ಹೊರಡು. ಅದೇ ರಸ್ತೆಯ ಮಂಕಿ ಊರಿನ ಅವನ ಮನೆಯಲ್ಲಿ ಬೆಕ್ಕಿಗೂ ಈ ಕಾಯಿದೆ ಗೊತ್ತು.

ಇಂಥ ಭಾವ ಒಂದು ದಿನ ಮಿಕ್ಸರಿನ ಜಾರು ರಿಪೇರಿ ಮಾಡಿಸಲು ಕುಮಟೆಗೆ ಹೋದ. ಬರುವಾಗ ಜಾರು ಇರಲಿಲ್ಲ. ಚೀಲದೊಳಗಿಂದ ಎರಡು ಕಿವಿ ಹೊರಗೆ ಬಂದಿದ್ದವು.

"ಇದೆಂತ?" ಎಂದಳು ತಂಗಿ.

"ಮೊಲದ ಮರಿ. ಹೆಸ್ರು ಅರ್ಧ ಟಿಕೀಟು."

"ನನ್ನ ಚಟ್ನಿ ಯಾವುದ್ರಲ್ಲಿ ಅರೀಲಿ? ಇದ್ರ ಕಿವೀಲಾ?"

ಬೈದಳು, ಆದರೆ ಬೈಯುತ್ತಲೇ ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟಳು. ಮನೆಗೆ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಬಂದದ್ದು ಮೊಲವಾದರೇನು, ನೆಂಟ ನೆಂಟನೇ! ಮರಿ ಮೂಗು ಅಲ್ಲಾಡಿಸುತ್ತ ಬೆಲ್ಲದ ಕಡೆ ಹೊರಟಿತು. ಪೀ... ಒಂದು ಸೀಟಿ. ಮರಿ ನಿಂತಿತು. ತಂಗಿಯೂ ನಿಂತಳು.

"ಬೆಲ್ಲ ಕೊಡೂಕಾಗ! ಸಿಹಿ ತಿಂದ್ರೆ ಇದ್ರ ಹೊಟ್ಟೆ ಕೆಡ್ತದೆ. ಹುಲ್ಲು, ನೀರು. ಅಷ್ಟೇ."

ಅಷ್ಟೇ ಎಂದರೆ ಪೂರ್ತಿ ಅಷ್ಟೇ ಅಲ್ಲ. ಅಂಗಡಿಯಿಂದ ತಂದ ಮೊಲದ ಫೀಡು ದಿನಕ್ಕೊಂದು ಚಮಚ. ಮರಿ ಸ್ವಲ್ಪ ದೊಡ್ಡದಾದ ಮೇಲೆ ಸೊಪ್ಪು. ಅದೂ ಕೊತ್ತಂಬರಿ ಒಗ್ಗಿತು ಎಂದು ಖಾತ್ರಿಯಾದ ಮೇಲೆಯೇ ಪುದೀನ, ಪುದೀನ ಒಗ್ಗಿದ ಮೇಲೆಯೇ ಇನ್ನೊಂದು. ನಮ್ಮ ಕಾಲದಲ್ಲಿ ಹೆಣ್ಣು ನೋಡಲು ಹೋದವರೂ ಇಷ್ಟು ವಿಚಾರಿಸುತ್ತಿರಲಿಲ್ಲ! ಉಳಿದಂತೆ ಹಗಲೂ ರಾತ್ರಿ ಒಣಹುಲ್ಲು.

ಆ ಒಣಹುಲ್ಲಿನ ವೈಭವವನ್ನು ಏನೆಂದು ಹೇಳಲಿ! ಭಾವ ಗುಡ್ಡದಿಂದ ತಾನೇ ಕೊಯ್ದು ತಂದು, ತಾರಸಿಯ ಮೇಲೆ ಹಪ್ಪಳ ಹರಡಿದಂತೆ ಹರಡಿ, ಪಕ್ಕದಲ್ಲಿ ಕೊಡೆ ಹಿಡಿದು ಕೂರುತ್ತಿದ್ದ. ಒಂದು ಮೋಡ ಕಂಡರೆ ಸಾಕು, ಸೀಟಿ ಊದಿ ಕೇರಿಯನ್ನೆಲ್ಲ ಎಬ್ಬಿಸುತ್ತಿದ್ದ. ಬೂಸಲು ಹಿಡಿದ ಹುಲ್ಲು ಮರಿಗೆ ವಿಷವಂತೆ. ಒಮ್ಮೆ ಅವಸರದಲ್ಲಿ ಪಕ್ಕದ ಮನೆಯವರು ಒಣಮೀನು ಹಾಕಿದ್ದ ಚಾಪೆಯ ಮೇಲೆ ಹುಲ್ಲು ಹರಡಿಬಿಟ್ಟ. ಅರ್ಧ ಟಿಕೀಟು ಮೂಸಿ ನೋಡಿ ಬೆನ್ನು ತಿರುಗಿಸಿತು. ಆ ದಿನ ಮಂಕಿಯಲ್ಲಿ ಬಂಗಡೆಯ ವಾಸನೆಗೆ ಸೋಲದ ಜೀವ ಅದೊಂದೇ!

ಇನ್ನೊಂದು ದಿನ ತಂಗಿ ಹೌಹಾರಿ ಕೂಗಿದಳು. "ಇವ್ರೇ, ಬನ್ನಿ ಇಲ್ಲಿ! ಇದು ತನ್ನ ಹಿಕ್ಕೆ ತಾನೇ ತಿಂತದೆ!"

ಭಾವ ಕದಲಲಿಲ್ಲ. "ಮೆತ್ತನ್ನ ಹಿಕ್ಕೆ ಅಲ್ದಾ? ತಿನ್ಲಿ. ಅದು ಅದ್ರ ಎರಡ್ನೇ ಪಂಕ್ತಿ ಊಟ."

ಇಷ್ಟಾದರೂ ನನ್ನ ಕಣ್ಣಿಗೆ ಮಾತ್ರ ಅದು ಉಪವಾಸದ ಮರಿ. ನಾನು ಹೊನ್ನಾವರದ ಹತ್ತಿರದ ಕಾಸರಕೋಡದಿಂದ ಭಾನುವಾರ ಭಾನುವಾರ ಅಲ್ಲಿಗೆ ಹೋಗುವವನು. ಉಣ್ಣುವವರಿಗೆ ಒತ್ತಾಯ ಮಾಡಿ ಬಡಿಸದಿದ್ದರೆ ಪ್ರೀತಿಯೇ ಇಲ್ಲವೆಂದು ತಿಳಿದು ಬೆಳೆದವನು. "ಭಾವ, ಹುಲ್ಲು ತಿನ್ನಿಸಿ ತಿನ್ನಿಸಿ ಇದನ್ನ ಸನ್ಯಾಸಿ ಮಾಡ್ತೆ ನೀನು" ಎನ್ನುತ್ತಿದ್ದೆ. ನಾವಿಬ್ಬರೂ ಒಬ್ಬರನ್ನೊಬ್ಬರು ಕರೆಯುವುದು ಭಾವ ಎಂದೇ. "ನಿಂಗೆ ಸಕ್ರೆ ಕಾಯ್ಲೆ ಬಂದದ್ದು ಹುಲ್ಲು ತಿಂದಾ ಭಾವ?" ಎಂದು ಅವನು ಬಾಯಿ ಮುಚ್ಚಿಸುತ್ತಿದ್ದ.

ಆ ಮಾತು ನನಗೆ ನಾಟಿತ್ತು. ಹಲಸಿನ ಹಣ್ಣಿನ ಕಾಲ. ತಂಗಿ ಹಣ್ಣು, ಅಕ್ಕಿ, ಬೆಲ್ಲ ಸೇರಿಸಿ, ಎಲೆಯಲ್ಲಿ ಬೇಯಿಸಿದ ಬಿಸಿ ಕಡಬನ್ನು ನನ್ನ ಮುಂದಿಟ್ಟು ಒಳಗೆ ಹೋದಳು. ಭಾವ ತಾರಸಿಯಲ್ಲಿದ್ದ. ನಾನು ಅರ್ಧ ಕಡಬನ್ನು ಎಲೆಯ ಚೂರಿನ ಸಮೇತ ಮರಿಯ ಗೂಡಿನೊಳಗೆ ಇಟ್ಟೆ. ಪಾಪದ ಮರಿ, ಒಂದು ದಿನವಾದರೂ ಸಿಹಿ ಕಾಣಲಿ ಎಂದು ಸ್ವಲ್ಪ. ಭಾವನ ಶಾಸ್ತ್ರ ಸುಳ್ಳಾಗಲಿ ಎಂದು ಬಹಳ. ಮರಿ ಎಂಥ ಖುಷಿಯಲ್ಲಿ ತಿಂದಿತು ಗೊತ್ತೇ? ನಾನು ಗೆದ್ದೆ ಎಂದುಕೊಂಡೆ!

ಮರುದಿನ ಬೆಳಿಗ್ಗೆ ತಂಗಿಯ ಫೋನು. ಮರಿ ಹುಲ್ಲು ಮುಟ್ಟುತ್ತಿಲ್ಲ, ಹಿಕ್ಕೆ ಹಾಕಿಲ್ಲ, ಹೊಟ್ಟೆ ಉಬ್ಬಿದೆ. ನಾನು ಓಡಿದೆ. ಹೊನ್ನಾವರದ ದನದ ಡಾಕ್ಟರಲ್ಲಿಗೆ ರಿಕ್ಷಾದಲ್ಲಿ ಹೋದೆವು. ಅವರು ಹೊಟ್ಟೆ ಮುಟ್ಟಿ ನೋಡಿ, ಔಷಧಿ ಕೊಟ್ಟು, "ಮೆಲ್ಲಗೆ ಹೊಟ್ಟೆ ತಿಕ್ಕುತ್ತಾ ಇರಿ. ಇವತ್ತು ಹಿಕ್ಕೆ ಬಿದ್ದರೆ ಬದುಕುತ್ತದೆ" ಎಂದರು.

ಮನೆಗೆ ಬಂದು ಗೂಡು ಗುಡಿಸುವಾಗ ಭಾವನ ಕೈಗೆ ಆ ಎಲೆಯ ಚೂರು ಸಿಕ್ಕಿತು. ಮೂಸಿ ನೋಡಿದ. ತಂಗಿಯ ಕಡೆ ತಿರುಗಿದ. "ಇದು ನಿನ್ನ ಕಡಬಲ್ದಾ?"

ತಂಗಿ ನನ್ನನ್ನು ನೋಡಿದಳು. ನಾನು ಫ್ಯಾನು ನೋಡಿದೆ. ಕರೆಂಟು ಇರಲಿಲ್ಲ, ಆದರೂ ಫ್ಯಾನು ನೋಡಿದೆ.

"ಹೌದು. ನಾನೇ ಹಾಕ್ದೆ. ತಪ್ಪಾತು" ಎಂದಳು.

ಭಾವ ಬೈಯಲಿಲ್ಲ. "ಇನ್ನು ನೀನು ಗೂಡಿನ ಹತ್ರ ಬರೂದು ಬ್ಯಾಡ" ಎಂದಷ್ಟೇ ಹೇಳಿ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡ. ಹೊಟ್ಟೆ ತಿಕ್ಕುತ್ತ, ಮಗುವಿಗೆ ಜೋಗುಳ ಹಾಡುವ ದನಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳತೊಡಗಿದ. ಕಂಡಕ್ಟರನ ಬಾಯಿಗೆ ಬರುವುದೇನು? "ಭಟ್ಕಳ... ಶಿರಾಲಿ... ಮುರ್ಡೇಶ್ವರ... ಮಂಕಿ..." ಕುಮಟೆ ಮುಟ್ಟಿದರೆ ವಾಪಸು ಭಟ್ಕಳ. ಮಧ್ಯಾಹ್ನದ ಊಟ ತಪ್ಪಿತು. ನಾನು ಎದುರಿಗೇ ಕೂತಿದ್ದೆ. ಹೇಳಿಬಿಡಲು ಅಷ್ಟು ಟ್ರಿಪ್ಪಿನ ಸಮಯವಿತ್ತು. ಹೇಳಲಿಲ್ಲ.

ಸಂಜೆಯ ಹೊತ್ತಿಗೆ ಒಂದು ಟ್ರಿಪ್ಪು. "ಕಾಸರಕೋಡ... ಹೊನ್ನಾವರ... ಕರ್ಕಿ... ಹಳದೀಪುರ..." ಹಳದೀಪುರದಲ್ಲಿ ಮೊದಲ ಹಿಕ್ಕೆ ಇಳಿಯಿತು! ಹಿಂದೆಯೇ ಇನ್ನೊಂದು, ಮತ್ತೊಂದು!

"ಭಾವಾ! ನೋಡು, ಕಾಳುಮೆಣಸು!" ಎಂದು ಅದನ್ನು ಅಂಗೈಯಲ್ಲಿ ಹಿಡಿದು ನನ್ನ ಮೂಗಿನವರೆಗೆ ತಂದ. ಅರ್ಧ ಟಿಕೀಟು ತಾನಾಗಿಯೇ ಒಂದು ಎಳೆ ಹುಲ್ಲು ಬಾಯಿಗೆ ಹಾಕಿಕೊಂಡಿತು. ಭಾವ ಕಣ್ಣೊರೆಸಿಕೊಂಡು ಸೀಟಿ ಊದಿದ. ಎರಡು ಸೀಟಿ. ಕೇರಿಯವರೆಲ್ಲ ಮಳೆ ಬಂತೆಂದು ತಾರಸಿಗೆ ಓಡಿದರು!

ಈಗ ಆ ಮೊಲವನ್ನು ನೀವು ನೋಡಬೇಕು! ಮೈಯೆಲ್ಲ ಮಿಂಚು, ಜಿಗಿದರೆ ಬೆಕ್ಕು ಹಾದಿ ಬಿಡುತ್ತದೆ. "ಫುಲ್ ಟಿಕೀಟು ಆತು ಭಾವ, ಬರೀ ಹುಲ್ಲಲ್ಲಿ!" ಎಂದು ಭಾವ ಮೆರೆಯುತ್ತಾನೆ. ಮೆರೆಯಲಿ, ಗೆದ್ದವನು ಅವನೇ. ಆದರೆ ಗೂಡಿನ ಹತ್ತಿರ ತಂಗಿ ಹೋದರೆ ಈಗಲೂ ಒಂದು ಸೀಟಿ. ಅವಳು ನಕ್ಕು ಹಿಂದೆ ಸರಿಯುತ್ತಾಳೆ. ನಾನು ಹೋದರೆ ಸೀಟಿ ಇಲ್ಲ.

ಈ ವರ್ಷದ ಹಲಸಿನ ಕಾಲದಲ್ಲಿ ತಂಗಿ ನನ್ನ ಮುಂದೆ ಕಡಬಿಟ್ಟು, ಒಳಗೆ ಹೋಗದೆ ಅಲ್ಲೇ ನಿಂತಳು.

"ಪೂರ್ತಿ ತಿನ್ನು ಅಣ್ಣಾ. ಅರ್ಧ ಬಿಡೂಕಾಗ."

"ಗೊತ್ತಿದ್ದೂ ಎಂತಕ್ಕೆ ನಿನ್ನ ತಲೆಗೆ ಹಾಕ್ಕಂಡೆ?" ಎಂದೆ.

"ನಂಗೆ ಬೈದ್ರೆ ಇವ್ರು ಸಂಜೆಗೆ ಮರೀತ್ರು ಅಂದ್ಕಂಡೆ. ನಿಂಗೆ ಬೈದಿದ್ರೆ ನೀನು ಮತ್ತೆ ಈ ಮನೆಗೆ ಬತ್ತಿರ್ಲಿಲ್ಲ."

ಅಷ್ಟು ಹೇಳಿ ನೀರು ತರಲು ಹೋದಳು. ಆಗಲಾದರೂ ತಪ್ಪಾಯಿತು ಅನ್ನಬಹುದಿತ್ತು. ಬಾಯಲ್ಲಿ ಕಡಬಿತ್ತು. ಭಾವ, ಇದನ್ನು ಓದಿದ ಮೇಲೆ ಒಂದು ಸೀಟಿ ನನಗೆ ಊದು. ಎರಡು ಸೀಟಿ ಊದಿ ಗೂಡಿನ ಬಾಗಿಲು ಅವಳಿಗೆ ತೆಗಿ. ನಾನು ಇವತ್ತಿನವರೆಗೆ ಕ್ಷಮೆ ಕೇಳದ ನನ್ನ ತಂಗಿಗೆ, ನಾಗವೇಣಿಗೆ.