ಫಲಾನಿಕೊ ಹುಲ್ಲು ಹೊಡೆದ ದಿನ

ಮೆಷಿನ್ನಿನ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಉಳಿದದ್ದೇ ಎಲ್ಲದಕ್ಕೂ ಮೂಲ. ಹುಲ್ಲು ಹೊಡೆಯುವ ಆ ಮೆಷಿನ್ನನ್ನು ಫಲಾನಿಕೊನ ಭಾವಮೈದುನ ಕೇಳಿ ಒಯ್ದಿದ್ದ. ತಿಂಗಳುಗಟ್ಟಲೆ ತನ್ನ ದೋಣಿಯ ಕೊಟ್ಟಿಗೆಯಲ್ಲಿ ನೇತುಹಾಕಿ, ಹಾಗೆಯೇ ತಂದುಕೊಟ್ಟಿದ್ದ. ಶನಿವಾರ ಬೆಳಿಗ್ಗೆ ಫಲಾನಿಕೊ ಅದನ್ನು ಅಂಗಳದಲ್ಲಿಟ್ಟು ಹಗ್ಗ ಎಳೆದ. ಮೆಷಿನ್ ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಎಳೆದ. ಈ ಸಲ ಕೆಮ್ಮಲೂ ಇಲ್ಲ.

ಮಧ್ಯಾಹ್ನ ಮಹಿಳಾ ಕಮಿಟಿಯವರು ಮನೆಮನೆಯ ಅಂಗಳ ನೋಡಲು ಬರುವವರಿದ್ದರು. ಸಮೋವಾದ ಆ ಹಳ್ಳಿಯಲ್ಲಿ ಪೊಲೀಸರಿಗೆ ಹೆದರದ ಗಂಡಸರೂ ಕಮಿಟಿಗೆ ಹೆದರುತ್ತಿದ್ದರು. ಹುಲ್ಲು ಬೆಳೆದಿದ್ದರೆ ಮೊದಲ ಸಲ ಒಂದು ಪೆಟ್ಟಿಗೆ ಡಬ್ಬಿ ಮೀನು ದಂಡ. ಫಲಾನಿಕೊ ಈಗಾಗಲೇ ಎರಡು ಸಲ ಸಿಕ್ಕಿಬಿದ್ದಿದ್ದ. ಮೂರನೆಯ ಸಲಕ್ಕೆ ಒಂದು ಹಂದಿಯನ್ನೇ ಹೊಡೆದುಕೊಂಡು ಹೋಗುವುದಾಗಿ ಕಮಿಟಿಯ ಯಜಮಾನಿ ಆಲಾಟಿನಾ ದೊಡ್ಡಮ್ಮ ಹೇಳಿಹೋಗಿದ್ದರು. ಅವನ ಹಟ್ಟಿಯಲ್ಲಿದ್ದದ್ದೇ ಮೂರು ಹಂದಿ. ಮೂರೂ ಕ್ರಿಸ್‌ಮಸ್ಸಿಗೆಂದು ತೆಂಗಿನಕಾಯಿ ತಿಂದು ಕೊಬ್ಬಿದಂಥವು.

ಫಲಾನಿಕೊ ಪೇಟೆಯ ಬೇಕರಿಯಲ್ಲಿ ಬ್ರೆಡ್ ಕೊಯ್ಯುವವನು. ಬ್ರೆಡ್ಡು ಬಿಟ್ಟು ಬೇರೆ ಯಾವುದನ್ನೂ ಕೊಯ್ದು ಅಭ್ಯಾಸವಿಲ್ಲ. ಹೆಂಡತಿ ಲಾಗಿ ಶುಕ್ರವಾರವೇ ತವರಿಗೆ ಹೋಗಿದ್ದಳು. ಅವನು ಹಗ್ಗ ಎಳೆಯುತ್ತಲೇ ಇದ್ದ. ಮೆಷಿನ್ ಮುನಿಸಿಕೊಂಡ ಅತ್ತೆಯಂತೆ ಬಾಯಿ ಬಿಗಿದು ಕೂತಿತ್ತು.

ಬೇಲಿಯ ಮೇಲಿಂದ ಒಂದು ಬಿಳಿ ತಲೆ ಎದ್ದಿತು. ಪಕ್ಕದ ಮನೆಯ ಟೋಮಾಸಿ. ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತನಾದವನು.

"ಏನೋ ಅದು, ಹಸು ಕರೀತಿದೀಯಾ?"

"ಸ್ಟಾರ್ಟ್ ಆಗ್ತಿಲ್ಲ ಮಾವ."

"ಪೆಟ್ರೋಲ್ ಮೂಸಿ ನೋಡಿದ್ಯಾ?"

ಫಲಾನಿಕೊ ಮೂಸಿದ. ಹಳೇ ಬಣ್ಣದ ಡಬ್ಬದ ವಾಸನೆ. ಟೋಮಾಸಿ ಬೇಲಿ ದಾಟಿ ಬಂದು ಟ್ಯಾಂಕನ್ನು ಬೋರಲು ಹಾಕಿದ.

"ಇದು ಬರೀ ಪೆಟ್ರೋಲ್ ಕುಡಿಯೋ ಜಾತಿ ಅಲ್ಲ, ಎಣ್ಣೆ ಬೆರೆಸ್ಬೇಕು. ಎಲ್ಲಿ, ಎಣ್ಣೆ ತಗೊಂಬಾ."

ಫಲಾನಿಕೊ ಒಳಗೆ ಓಡಿ ಒಂದು ಸೀಸೆ ತಂದ. ಟೋಮಾಸಿ ಮುಚ್ಚಳ ತೆಗೆದು ಮೂಸಿ, ಅವನನ್ನೇ ದಿಟ್ಟಿಸಿದ.

"ಇದು ಲಾಗಿ ತಲೆಗೆ ಹಚ್ಕೊಳ್ಳೋ ಕೊಬ್ಬರಿ ಎಣ್ಣೆ ಕಣೋ! ಇದನ್ನ ಹಾಕಿದ್ರೆ ಮೆಷಿನ್ ಓಡಲ್ಲ, ಅದಕ್ಕೆ ಕೂದಲು ಬರುತ್ತೆ."

ಕೊನೆಗೆ ಟೋಮಾಸಿಯೇ ತನ್ನ ಮನೆಯಿಂದ ಎಂಜಿನ್ ಎಣ್ಣೆ ತಂದು, ಹೊಸ ಪೆಟ್ರೋಲಿಗೆ ಅಳೆದು ಬೆರೆಸಿ, ಡಬ್ಬ ಕುಲುಕಿ ಟ್ಯಾಂಕು ತುಂಬಿಸಿದ. ಎಳೆದರು. ಇಲ್ಲ. ಗಾಳಿ ಸೋಸುವ ಸ್ಪಂಜಿನ ಮುಚ್ಚಳ ಬಿಚ್ಚಿದರೆ ಒಳಗೆ ಹಲ್ಲಿಯ ಎರಡು ಮೊಟ್ಟೆ. ಅವನ್ನು ತೆಗೆದಿಟ್ಟು, ಸ್ಪಂಜು ತೊಳೆದು ಒಣಗಿಸಿ ಮತ್ತೆ ಎಳೆದರು. ಆಗಲೂ ಇಲ್ಲ.

ಅಷ್ಟರಲ್ಲಿ ಎದುರು ಮನೆಯ ಮೋಸೆ ತನ್ನ ಟ್ಯಾಕ್ಸಿಯನ್ನು ಅಲ್ಲೇ ರಸ್ತೆಯಲ್ಲಿ ನಿಲ್ಲಿಸಿ ಇಳಿದು ಬಂದ. ಕೈಯಲ್ಲಿ ಸ್ಪ್ಯಾನರ್ ಬೇರೆ.

"ಚೋಕ್ ಎಳೆದು ಹಾಗೇ ಬಿಟ್ಟಿದೀರಲ್ಲ ಮಾರಾಯ್ರೇ! ಪ್ಲಗ್ಗಿಗೆ ಪೆಟ್ರೋಲ್ ಸ್ನಾನ ಮಾಡಿಸಿದೀರಿ."

ಪ್ಲಗ್ ಬಿಚ್ಚಿದ. ಅದು ತೊಟ್ಟಿಕ್ಕುತ್ತಿತ್ತು, ಮೇಲೆ ಮಸಿ ಬೇರೆ. ಮೋಸೆ ಬಚ್ಚಲ ಗೋಡೆಯ ಮೇಲಿದ್ದ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ಗಸಗಸ ಉಜ್ಜಿದ. ಅದು ಯಾರ ಬ್ರಷ್ಷೆಂದು ಫಲಾನಿಕೊ ನೋಡಲೂ ಇಲ್ಲ, ಕೇಳಲೂ ಇಲ್ಲ. ಪ್ಲಗ್ ಕೂರಿಸಿ ಎಳೆದದ್ದೇ ತಡ, ಮೆಷಿನ್ ಬೊಬ್ಬೆ ಹಾಕಿ ಎದ್ದಿತು. ನೀಲಿ ಹೊಗೆಯ ನಡುವೆ ಕೋಳಿಗಳು ಹಲಸಿನ ಮರ ಏರಿದವು. ಮೂವರೂ ತಬ್ಬಿಕೊಂಡರು.

ಆದರೆ ಹುಲ್ಲು ಕತ್ತರಿಸುವ ನೈಲಾನ್ ದಾರ ಒಂದೇ ಸುತ್ತಿಗೆ ಮುಗಿದುಹೋಯಿತು. ಟೋಮಾಸಿ ಟ್ಯೂನಾ ಹಿಡಿಯುವ ದಪ್ಪ ದಾರ ತಂದು, ತಾನೇ ಉರುಳೆಗೆ ಸುತ್ತಿಕೊಟ್ಟ. ಈಗ ಮೆಷಿನ್ನಿಗೆ ನಿಜಕ್ಕೂ ಹಲ್ಲು ಬಂತು. ಬಂದ ಹಲ್ಲು ಮೊದಲು ಕಚ್ಚಿದ್ದು ಲಾಗಿಯ ಕೆಂಪು ಶುಂಠಿ ಹೂವಿನ ಸಾಲನ್ನು. ಆಮೇಲೆ ಬಟ್ಟೆ ಒಣಹಾಕುವ ಹಗ್ಗದ ಇಳಿಬಿದ್ದ ತುದಿಯನ್ನು, ಜೊತೆಗೆ ಅದರ ಮೇಲಿದ್ದ ಭಾನುವಾರದ ಬಿಳಿ ಅಂಗಿಯ ತೋಳನ್ನು. ಬೇಲಿಯ ಬಳಿ ಒಂದು ಕಲ್ಲು ದಾರಕ್ಕೆ ಸಿಕ್ಕಿ ಗುಂಡಿನಂತೆ ಹಾರಿ ರಸ್ತೆಯಲ್ಲಿದ್ದ ಟ್ಯಾಕ್ಸಿಯ ಪಕ್ಕದ ಕನ್ನಡಿಯನ್ನು ಪುಡಿ ಮಾಡಿತು.

ಫಲಾನಿಕೊ ಮೆಷಿನ್ ನಿಲ್ಲಿಸಿ ಕಣ್ಣು ಮುಚ್ಚಿಕೊಂಡ. ಮೋಸೆಯ ಕೋಪ ಊರಿಗೇ ಗೊತ್ತಿತ್ತು. ಸೀಟಿನ ಮೇಲೆ ಮರಳು ಉದುರಿಸಿದ್ದಕ್ಕೆ ಸ್ವಂತ ಅತ್ತೆಯನ್ನೇ ಅರ್ಧ ದಾರಿಯಲ್ಲಿ ಇಳಿಸಿದವನು.

"ಕನ್ನಡಿ ತಾನೇ, ಹೋಗ್ಲಿ ಬಿಡಣ್ಣ," ಎಂದ ಮೋಸೆ. "ಹಿಂದೆ ಯಾರು ಬರ್ತಾರೆ ಅಂತ ನೋಡಿ ನನಗೇನಾಗ್ಬೇಕು? ನೀನು ಹುಲ್ಲು ಹೊಡಿ. ಆ ಮೂಲೆ ಬಿಟ್ಟಿದೀಯ ನೋಡು."

ಫಲಾನಿಕೊನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಇಂಥವರ ನಡುವೆ ಇದ್ದು ಇವರನ್ನು ಅರಿಯದೆ ಹೋದೆನಲ್ಲ ಎಂದು ನೊಂದ. ಮೆಷಿನ್ ಮತ್ತೆ ಎಬ್ಬಿಸಿ ಮೂಲೆಯ ಹುಲ್ಲಿಗೆ ನುಗ್ಗಿದ.

ಅವರ ಉಪಕಾರ ಅಲ್ಲಿಗೇ ಮುಗಿಯಲಿಲ್ಲ. ಮೋಸೆ ಕತ್ತರಿಸಿದ ಹುಲ್ಲನ್ನೆಲ್ಲ ಗುಡಿಸಿ ರಾಶಿ ಹಾಕಿದ. ಟೋಮಾಸಿ ದಾರಿಯ ಅಂಚಿನ ಕಲ್ಲುಗಳಿಗೆ ಸುಣ್ಣ ಬಳಿದ. ಹೂವಿನ ಸಾಲು ಬೋಳಾಗಿದ್ದು ಕಂಡು ತನ್ನ ಹೆಂಡತಿಯ ಹೂಕುಂಡಗಳನ್ನೇ ಹೊತ್ತು ತಂದು ಸಾಲಾಗಿ ಜೋಡಿಸಿದ.

"ಮಾವ, ನಿಮ್ಮ ಅಂಗಳ? ನೀವಿನ್ನೂ ಹುಲ್ಲು ಹೊಡೆದೇ ಇಲ್ವಲ್ಲ. ಮೆಷಿನ್ ತಗೊಂಡು ಬರ್ಲಾ?"

"ಅಯ್ಯೋ, ಬೇಡಪ್ಪಾ ಬೇಡ!" ಟೋಮಾಸಿ ಹೌಹಾರಿದ. "ನನಗೆ ಸೊಂಟ ನೋವು."

ಸೊಂಟ ನೋಯುವುದು ಟೋಮಾಸಿಗೆ, ಹುಲ್ಲು ಹೊಡೆಯುವುದು ತಾನು, ಇದು ಹೇಗೆ ಎಂದು ಫಲಾನಿಕೊನಿಗೆ ಅರ್ಥವಾಗಲಿಲ್ಲ. ಆದರೆ ಆ ಹೊತ್ತಿಗೆ ಕಮಿಟಿಯವರು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರು.

ಒಂದೇ ಬಣ್ಣದ ಉಡುಪಿನ ಹೆಂಗಸರ ದಂಡು. ಮುಂದೆ ಬೀಸಣಿಗೆ ಹಿಡಿದ ಆಲಾಟಿನಾ ದೊಡ್ಡಮ್ಮ. ಟೋಮಾಸಿಯ ಅಂಗಳದಲ್ಲಿ ಹುಲ್ಲು ಮೊಣಕಾಲು ಮುಟ್ಟುತ್ತಿತ್ತು. ಒಂದು ಪೆಟ್ಟಿಗೆ ಮೀನು. ಮೋಸೆಯ ಅಂಗಳದಲ್ಲೂ ಅಷ್ಟೇ. ಅದರಾಚೆಯ ನಾಲ್ಕಾರು ಮನೆಗಳಲ್ಲೂ ಅದೇ ಕತೆ. ಪ್ರತಿ ಮನೆಯ ಗಂಡಸೂ ತಲೆ ತಗ್ಗಿಸಿ ದಂಡ ಒಪ್ಪಿಕೊಂಡ. ತಗ್ಗಿಸಿದ ಮುಖಗಳು ನಗುತ್ತಿದ್ದಂತೆ ಫಲಾನಿಕೊನಿಗೆ ಕಂಡಿತು.

ದೊಡ್ಡಮ್ಮ ಅವನ ಅಂಗಳಕ್ಕೆ ಕಾಲಿಟ್ಟು ನಿಂತೇಬಿಟ್ಟರು. ಬೀಸಣಿಗೆ ಬೀಸುವುದನ್ನೂ ಮರೆತರು. ಹುಲ್ಲು ಚಾಪೆ ಹಾಸಿದಂತಿತ್ತು.

"ಇದು ಫಲಾನಿಕೊ ಮನೇನೇ ತಾನೇ?"

"ಹೌದು ದೊಡ್ಡಮ್ಮ."

"ಶಭಾಷ್ ಮಗನೇ! ಊರಲ್ಲೇ ಇಷ್ಟು ಚಂದದ ಅಂಗಳ ಇನ್ನೊಂದಿಲ್ಲ."

ಫಲಾನಿಕೊನ ಎದೆ ಹಿಗ್ಗಿತು. ಹಟ್ಟಿಯಲ್ಲಿ ಹಂದಿಗಳು ಗುರುಗುಟ್ಟಿದ್ದು ಅವನಿಗೆ ಚಪ್ಪಾಳೆಯಂತೆ ಕೇಳಿಸಿತು.

"ಹಾಗಾದ್ರೆ ಗುರುವಾರದ ಮೀಟಿಂಗ್‌ನಲ್ಲಿ ಆದ ತೀರ್ಮಾನದಂತೆ," ದೊಡ್ಡಮ್ಮ ದನಿ ಎತ್ತಿದರು, "ಸವಾಯಿ ದ್ವೀಪದ ಚರ್ಚಿನ ಹಾಡುಗಾರರ ತಂಡ ಇಲ್ಲೇ ಇಳಿದುಕೊಳ್ಳುತ್ತೆ. ಪಾದ್ರಿಗಳ ಮನೆ ಚಾವಣಿ ಬಿಚ್ಚಿದಾರಲ್ಲ, ಅದಕ್ಕೇ ಯಾರ ಅಂಗಳ ಎಲ್ಲಕ್ಕಿಂತ ಚೆನ್ನಾಗಿರುತ್ತೋ ಅವರಿಗೇ ಈ ಗೌರವ ಅಂತ ಮಾಡಿದ್ವಿ. ಬರೀ ನಲವತ್ತು ಜನ. ಒಂದೇ ವಾರ."

ಫಲಾನಿಕೊ ನಿಧಾನವಾಗಿ ತಿರುಗಿದ. ಬೇಲಿಯ ಮೇಲೆ ಟೋಮಾಸಿಯ ಬಿಳಿ ತಲೆ, ಅದರ ಪಕ್ಕದಲ್ಲಿ ಮೋಸೆಯ ತಲೆ.

"ನಿಮ್ಮ ಹೆಂಡತಿಯರು ಮೀಟಿಂಗಿಗೆ ಹೋಗಿದ್ರಾ?" ಎಂದ ಫಲಾನಿಕೊ.

"ಹೋಗಿದ್ರು," ಎಂದ ಮೋಸೆ. "ಆದ್ರೆ ಏನು ಮಾಡೋದಣ್ಣ, ಅಂಥ ಗೌರವಕ್ಕೆ ನಮಗೆಲ್ಲಿ ಯೋಗ್ಯತೆ? ಹುಲ್ಲು ನೋಡಿದ್ಯಲ್ಲ."

"ಹಡಗು ಆಗ್ಲೇ ಬಂದಿದೆ ಕಣೋ," ಟೋಮಾಸಿ ಸಮಾಧಾನ ಹೇಳಿದ. "ಸವಾಯಿಯವರು ಊಟಕ್ಕೆ ಬಹಳ ಗಟ್ಟಿ. ಹಂದಿ ಹೊಡಿಯೋಕೆ ಕರಿ, ಬರ್ತೀನಿ. ಸೊಂಟ ಈಗ ಪರವಾಗಿಲ್ಲ."

ಸಂಜೆ ಎರಡು ಬಸ್ಸುಗಳು ಹಾಡುತ್ತಾ ಬಂದವು. ಹಾಸಿಗೆ, ಚಾಪೆ, ಗಿಟಾರುಗಳೊಂದಿಗೆ ಭಾರಿ ಮೈಕಟ್ಟಿನ ನಲವತ್ತು ಜನ ಇಳಿದು, ಅಂಗಳವನ್ನು ಮೆಚ್ಚಿ, ಅದರ ಮೇಲೆಯೇ ಕಾಲುಚಾಚಿ ಕೂತರು. ಎರಡನೆಯ ಬಸ್ಸಿನ ಹಿಂದಿನ ಬಾಗಿಲಿನಿಂದ, ತವರಿನ ದಾರಿಯಲ್ಲಿ ಅದೇ ಬಸ್ಸು ಹತ್ತಿದ್ದ ಲಾಗಿ ಕೈಚೀಲ ಹಿಡಿದು ಇಳಿದಳು. ಅಂಗಳ ನೋಡಿದಳು, ಜನ ನೋಡಿದಳು, ಗಂಡನನ್ನು ನೋಡಿದಳು. ಕೈಚೀಲ ಅಲ್ಲೇ ಕೆಳಗೆ ಬಿತ್ತು.

"ಲಾಗಿ, ನೀನೂ ಗುರುವಾರ ಮೀಟಿಂಗಿಗೆ ಹೋಗಿದ್ದೆ ಅಲ್ವಾ?" ಫಲಾನಿಕೊ ಅಳುವ ದನಿಯಲ್ಲಿ ಕೇಳಿದ. "ಒಂದು ಮಾತು ನನಗೆ ಹೇಳಬಾರದಿತ್ತಾ?"

"ಕಮಿಟಿಯವಳು ನಾನು, ಹುಲ್ಲು ಹೊಡೀಬೇಡ ಅಂತ ಬಾಯಿಬಿಟ್ಟು ಹೇಳೋಕಾಗುತ್ತಾ?" ಲಾಗಿ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಹೋದ್ರೆ ಒಂದು ಹಂದಿ ಹೋಗುತ್ತೆ ಅಂತ ಲೆಕ್ಕ ಹಾಕಿದ್ದೆ. ಮದುವೆಯಾಗಿ ಹನ್ನೊಂದು ವರ್ಷ ಆಯ್ತು, ನೀನು ಒಂದು ಕೆಲಸಾನಾದ್ರೂ ಪೂರ್ತಿ ಮಾಡಿದ್ದುಂಟಾ? ನಿನ್ನನ್ನ ನಂಬಿ ನಾನು ತವರಿಗೆ ಹೋದ್ನಲ್ಲ!"