ಇಳಿಯುವ ಲಿಫ್ಟಿನಲ್ಲಿ ಗಡಿಯಾರದ ತೂಕ

ಪುಟ್ಟಸ್ವಾಮಿಯವರು ಕನಸುಗಾರರು. ಪರದೇಶದ ಎಂಆರ್‌ಟಿ ಮೆಟ್ರೋ ರೈಲಿನಲ್ಲಿ ತೂಗಾಡುವ ಹಿಡಿಕೆಗಳನ್ನು ನೋಡುತ್ತ ಮೈಮರೆತು, ಇಳಿಯಬೇಕಾದ ಪಾಯಾ ಲೆಬಾರ್ ಬಿಟ್ಟು ಎರಡು ಸ್ಟೇಷನ್ ಮುಂದೆ ಹೋಗುವ ಜಾತಿ. ಪಿಯುಸಿಯಲ್ಲಿ ಫಿಸಿಕ್ಸ್‌ಗೆ ತೊಂಬತ್ತೆಂಟು ಬಂದದ್ದೇ ಅವರ ಬಾಳಿನ ದಿಗ್ವಿಜಯ (ಆಮೇಲಿನದೆಲ್ಲ ಸಂಸಾರ). ಅಂಥವರು ಹಳೇ ಸಾಮಾನಿನ ಅಂಗಡಿಯಲ್ಲಿ ಲೋಲಕದ ಗಡಿಯಾರ ಕಂಡರೆ ಬಿಟ್ಟಾರೆಯೇ? ಮೈಸೂರಿನ ಅಕ್ಕನ ನಡುಮನೆಯಲ್ಲಿ ಅದು ತೂಗುತ್ತಿರುವಂತೆ, ತಾವು ಅದರ ಕೆಳಗೆ ಕಾಫಿ ಹೀರುತ್ತಿರುವಂತೆ ವಾರದಿಂದ ಹಗಲುಗನಸು.

ಹೆಂಡತಿ ಹಂಸಾಗೆ ಕನಸು ಬೀಳುವುದಿಲ್ಲ. "ನೋಡ್ರೀ, ಊರಿಗೆ ಹೋಗೋ ಫ್ಲೈಟಲ್ಲಿ ಸೂಟ್‌ಕೇಸ್ ಮೂವತ್ತು ಕೆಜಿ ಅಂದ್ರೆ ಮೂವತ್ತೇ. ಅಲ್ಲಿ ಮದುವೆಗೆ ಕೊಡೋ ಸಾಮಾನು ಒಂದೂ ತೆಗೆಯಲ್ಲ. ಜಾಸ್ತಿಯಾದ್ರೆ ನಿಮ್ಮ ಗಡಿಯಾರ ಇಲ್ಲೇ!"

ಸೂಟ್‌ಕೇಸನ್ನು ಕೊಕ್ಕೆಗೆ ನೇತುಹಾಕಿ ಹಂಸಾ ಎತ್ತಿಹಿಡಿದ ತೂಕದ ಸ್ಕೇಲು ಮೂವತ್ತೊಂದೂವರೆ ತೋರಿಸಿತು. ಗಡಿಯಾರದ್ದೇ ಒಂದು ಕೆಜಿ ಆರುನೂರು ಗ್ರಾಂ.

ಅಷ್ಟರಲ್ಲಿ ಮಗಳು ಸಿಂಚನಾ ಹೋಮ್‌ವರ್ಕ್ ಹಿಡಿದು ಬಂದಳು. "ಅಪ್ಪಾ, ಲಿಫ್ಟ್ ಕೆಳಗೆ ಹೊರಡ್ತಿದೆ. ಒಳಗೆ ಹಗ್ಗದಲ್ಲಿ ಒಂದು ವಸ್ತು ನೇತಾಡ್ತಿದೆ. ನೆಟ್ ಫೋರ್ಸ್ ಎಷ್ಟು, ಹಗ್ಗದ ಟೆನ್ಷನ್ ಎಷ್ಟು?"

ಪುಟ್ಟಸ್ವಾಮಿಯವರ ಕಣ್ಣು ಎಲ್ಲೋ ದೂರ ತೇಲಿತು. "ಪುಟ್ಟಾ, ಭೂಮಿ ಕೆಳಗೆ ಎಳೆಯತ್ತೆ, ಹಗ್ಗ ಮೇಲೆ ಎಳೆಯತ್ತೆ. ಲಿಫ್ಟ್ ಕೆಳಗೆ ವೇಗ ತಗೊಳ್ಳೋವಾಗ ಭೂಮಿ ಕೈ ಮೇಲು. ಎರಡರ ವ್ಯತ್ಯಾಸವೇ ನೆಟ್ ಫೋರ್ಸ್. ಆಗ ಹಗ್ಗಕ್ಕೆ ಭಾರ ಕಮ್ಮಿ... ಬಾ, ಪ್ರಯೋಗ ಮಾಡೋಣ!"

ಹನ್ನೆರಡನೇ ಮಹಡಿಯಲ್ಲಿ ಅಪ್ಪ ಎರಡೂ ಕೈಯಲ್ಲಿ ಸ್ಕೇಲ್ ಹಿಡಿದು ಸೂಟ್‌ಕೇಸ್ ಎತ್ತಿದರು. ಲಿಫ್ಟ್ ಕೆಳಕ್ಕೆ ಜಾರಿದ್ದೇ ತಡ, ಅಂಕಿಯೂ ಜಾರಿತು: ಇಪ್ಪತ್ತೊಂಬತ್ತು ಪಾಯಿಂಟ್ ಒಂಬತ್ತು! ಬೆರಳು ತಾನಾಗಿ, ಅಂಕಿಯನ್ನು ಅಲ್ಲೇ ಹಿಡಿದಿಡುವ 'ಹೋಲ್ಡ್' ಗುಂಡಿ ಒತ್ತಿತು.

ಮನೆಗೆ ಬಂದು ಅಂಕಿ ತೋರಿಸಿದಾಗ ಹಂಸಾ ಅರಳಿದಳು. "ಅಯ್ಯೋ, ಆಗ ನಾನೇ ಸರಿಯಾಗಿ ಹಿಡೀಲಿಲ್ಲ ಅನ್ಸತ್ತೆ. ಪರವಾಗಿಲ್ಲ ಕಣ್ರೀ ನೀವು!"

ಹದಿನೆಂಟು ವರ್ಷದ ದಾಂಪತ್ಯದಲ್ಲಿ ಇಂಥ ಹೊಗಳಿಕೆ ಎಷ್ಟು ಸಲ ಸಿಕ್ಕೀತು? ಪುಟ್ಟಸ್ವಾಮಿಯವರು ಲಗುಬಗೆಯಿಂದ ಸೂಟ್‌ಕೇಸಿಗೆ ಪಟ್ಟಿ ಬಿಗಿದರು. ಸಿಂಚನಾ ಅಪ್ಪನನ್ನೇ ದಿಟ್ಟಿಸಿದಳು. ಅಪ್ಪ ಫ್ಯಾನ್ ದಿಟ್ಟಿಸಿದರು.

ಏರ್‌ಪೋರ್ಟ್ ಕೌಂಟರಿನ ತಕ್ಕಡಿ ಮಾತ್ರ ಏರದೆ ಇಳಿಯದೆ ನಿಂತಲ್ಲೇ ನಿಂತಿತ್ತು. ಮೂವತ್ತೊಂದೂವರೆ.

"ಇದು ಹೇಗ್ರೀ?" ಎಂದಳು ಹಂಸಾ.

"ಅಪ್ಪ ಲಿಫ್ಟಲ್ಲಿ ತೂಗಿದ್ರು ಲಾ," ಎಂದಳು ಸಿಂಚನಾ, ಶಾಲೆಯಲ್ಲಿ ಕಲಿತ 'ಲಾ' ಸೇರಿಸಿ.

ಹಂಸಾ ಸೂಟ್‌ಕೇಸ್ ಬಿಚ್ಚಿ ಗಡಿಯಾರ ಹೊರತೆಗೆದಳು. "ಬೇಡ ಹಂಸಾ, ಬಿಟ್ಟು ಹೋಗಬೇಡ," ಎಂದು ಪುಟ್ಟಸ್ವಾಮಿಯವರು ಮಗುವಿನಂತೆ ಗೋಗರೆದರು. ಅವಳು ಒಂದು ಕ್ಷಣ ಗಂಡನ ಮುಖ ನೋಡಿದಳು. ಆಮೇಲೆ ಸೂಟ್‌ಕೇಸಿನ ಪಟ್ಟಿ ಬಿಚ್ಚಿ, ಗಡಿಯಾರಕ್ಕೆ ಬಿಗಿದು, ಅವರ ಕೊರಳಿಗೇ ಹಾಕಿದಳು. "ಮೈಸೂರು ಬರೋವರೆಗೂ ಇಳಿಸಬಾರದು."

ಅಪ್ಪನ ಕೊರಳಲ್ಲಿ ಗಡಿಯಾರ ತೂಗುತ್ತಿರಲು, ಮೂವರೂ ಏರ್‌ಪೋರ್ಟಿನ ಲಿಫ್ಟ್ ಹತ್ತಿದರು. ಪುಟ್ಟಸ್ವಾಮಿಯವರು ಆಗಲೇ ಅಕ್ಕನ ನಡುಮನೆ ತಲುಪಿದ್ದರು. ಕಾಫಿಯ ಘಮವೂ ಬರುತ್ತಿತ್ತು. ಬಾಗಿಲು ಮುಚ್ಚಿ ಲಿಫ್ಟ್ ಹೊರಟಿತು, ಈ ಸಲ ಮೇಲಕ್ಕೆ.

"ಅಪ್ಪಾ, ಈಗ ಟೆನ್ಷನ್ ಜಾಸ್ತಿನಾ, ಕಮ್ಮಿನಾ?"

ಲೆಕ್ಕ ಹಾಕುವ ಅಗತ್ಯ ಬೀಳಲಿಲ್ಲ. ಉತ್ತರವನ್ನು ಕುತ್ತಿಗೆಯೇ ಹೇಳಿತು.