ಎರಡನೇ ಸಲ ಕರೆಯದ ಕ್ರಿಸ್‌ಮಸ್

ಯಾರು ಏನು ಕೊಟ್ಟರೂ ಮೊದಲ ಸಲ ಬೇಡ ಎನ್ನುವ ಚಟ ನನಗಿದೆ. ಬೇಕಿದ್ದರಂತೂ ಇನ್ನೂ ಗಟ್ಟಿಯಾಗಿ ಬೇಡ ಎನ್ನುತ್ತೇನೆ. ಇದು ನಾನು ಸಂಪಾದಿಸಿದ್ದಲ್ಲ, ಮನೆತನದಿಂದ ಬಂದದ್ದು. ರಾಯದುರ್ಗದ ನಮ್ಮ ಓಣಿಯಲ್ಲಿ ಕಾಫಿ ಕುಡಿಯುತ್ತೀರಾ ಎಂದರೆ ಈಗ ತಾನೇ ಆಯಿತು ಎನ್ನಬೇಕು. ಅವರು ಅರ್ಧ ಲೋಟ ಎನ್ನಬೇಕು, ನಾವು ಖಂಡಿತ ಬೇಡ ಎನ್ನಬೇಕು, ಅಷ್ಟರಲ್ಲಿ ಒಳಗೆ ಹಾಲು ಕಾದಿರಬೇಕು. ಬೊಮ್ಮನಹಾಳಿನ ದೊಡ್ಡಮ್ಮನ ಮನೆಯಲ್ಲಿ ಅವ್ವ ನಾಲ್ಕು ಸಲ ಊಟ ಬೇಡ ಎಂದು, ಐದನೇ ಸಲಕ್ಕೆ ಕೂತು, ಹೋಳಿಗೆ ಎರಡನೇ ಸಲ ಹಾಕಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ. ಮದುವೆಗಳಲ್ಲಂತೂ ಪತ್ರಿಕೆ ಕೊಟ್ಟು ಕುಂಕುಮ ಹಚ್ಚಿ ಕರೆದರೆ ಸಾಲದು, ಆ ದಿನ ಇನ್ನೊಮ್ಮೆ ಬಾಗಿಲಿಗೆ ಬಂದು "ಊಟಕ್ಕ ಏಳ್ರಿ" ಎನ್ನಬೇಕು. ಒಮ್ಮೆ ಹಾಗೆ ಕರೆಯಲು ಯಾರೂ ಬರಲಿಲ್ಲವೆಂದು ಅಪ್ಪ ಇಸ್ತ್ರಿ ಮಾಡಿದ ಪಂಚೆಯಲ್ಲಿ ಮೂರು ಗಂಟೆಯವರೆಗೆ ಕಾದು, ಕೊನೆಗೆ ಮಜ್ಜಿಗೆ ಅನ್ನ ಉಂಡು ಮಲಗಿದರು. ಇಷ್ಟೆಲ್ಲ ಸಂಸ್ಕಾರ ಕಟ್ಟಿಕೊಂಡು ನಾನು ಸ್ಕಾಟ್‌ಲೆಂಡಿಗೆ ಓದಲು ಹೋದೆ.

ಅಪ್ಪನದು ಬಟ್ಟೆ ಅಂಗಡಿ, ಹಾಗಾಗಿ ನಾನು ಆರಿಸಿಕೊಂಡದ್ದು ಬಟ್ಟೆಗೆ ಬಣ್ಣ ಹಾಕುವ ಶಾಸ್ತ್ರ. ಕೋಣೆಯ ಜೊತೆಗಾತಿಯಾಗಿ ಸಿಕ್ಕಿದ ರತ್ನ ಮಡಕಶಿರಾ ಕಡೆಯವಳು, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಮನೆಯ ಹುಡುಗಿ. ಇಬ್ಬರದೂ ಆಂಧ್ರದ ಗಡಿಸೀಮೆ, ಹಾಗಾಗಿ ಕನ್ನಡದಲ್ಲಿ ಹರಟುತ್ತಿದ್ದೆವು, ಜಗಳವಾದರೆ ಇಬ್ಬರೂ ತೆಲುಗಿಗೆ ಇಳಿಯುತ್ತಿದ್ದೆವು. ನಮ್ಮ ಮನೆಯೊಡತಿ ಮಾರ್ಗರೆಟ್ ಕೆಳಗಿನ ಮನೆಯಲ್ಲಿದ್ದರು. ಮೂವತ್ತು ವರ್ಷ ಸಿಟಿ ಬಸ್ ಓಡಿಸಿ ನಿವೃತ್ತರಾದವರು, ಮದುವೆಯಾಗಿರಲಿಲ್ಲ. ಮಾತು ಕಡಿಮೆ, ಆಡಿದ ಮಾತು ಮಾತ್ರ ಬಸ್ಸಿನ ವೇಳಾಪಟ್ಟಿಯಷ್ಟು ಖಚಿತ.

ಡಿಸೆಂಬರ್ ಬಂತು. ಮಧ್ಯಾಹ್ನ ಮೂರೂವರೆಗೇ ಕತ್ತಲಾಗುವ ಆ ಊರಿನ ತುಂಬ ದೀಪ ಹಚ್ಚಿದರು. ಬೇಕರಿಗಳಿಂದ ದಾಲ್ಚಿನ್ನಿ ವಾಸನೆ ಬರುತ್ತಿತ್ತು, ಅಂಗಡಿಗಳಲ್ಲಿ ಒಂದೇ ಹಾಡನ್ನು ದಿನವಿಡೀ ಹಾಕುತ್ತಿದ್ದರು. ತರಗತಿಯವರೆಲ್ಲ ಗಂಟುಮೂಟೆ ಕಟ್ಟಿ ಅವರವರ ಊರಿಗೆ ಹೊರಟರು. ಬೇರೆಯವರ ಹಬ್ಬವನ್ನು ಬೀದಿಯಲ್ಲಿ ನಿಂತು ನೋಡಿ ನೋಡಿ ನನಗೆ ಸಾಕಾಗಿತ್ತು. ಕ್ರಿಸ್‌ಮಸ್ ದಿನ ಒಂದು ಮನೆಯ ಒಳಗೆ, ಒಂದು ಮೇಜಿನ ಮುಂದೆ ಕೂರಬೇಕೆಂದು ತುಂಬ ಆಸೆಯಾಗಿತ್ತು. ಸರಿಯಾಗಿ ಆಗಲೇ ಮಾರ್ಗರೆಟ್ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, ಪ್ರತಿವರ್ಷ ಬರುವ ತಂಗಿ ಈ ಸಲ ಕಾಲು ಮುರಿದುಕೊಂಡಿದ್ದಾಳೆ, ಕ್ರಿಸ್‌ಮಸ್ ಊಟಕ್ಕೆ ನೀವಿಬ್ಬರೂ ಬರುತ್ತೀರಾ ಎಂದು ಕೇಳಿದರು. ನನ್ನ ಬಾಯಿ ನನ್ನನ್ನು ಕೇಳದೆಯೇ, ಅಯ್ಯೋ ಬೇಡ, ನಿಮಗ್ಯಾಕೆ ತೊಂದರೆ ಎಂದುಬಿಟ್ಟಿತು. ಅವರು ಸರಿ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅರ್ಧ ಲೋಟದ ಮಾತೇ ಬರಲಿಲ್ಲ. ನಾನು ಅಲ್ಲೇ ಒಂದು ನಿಮಿಷ ನಿಂತಿದ್ದೆ, ಬಾಗಿಲು ಮತ್ತೆ ತೆರೆಯಬಹುದೆಂದು.

ರತ್ನನಿಗೆ ಹೇಳಿದರೆ ಬೈಯುತ್ತಾಳೆ ಎಂದುಕೊಂಡಿದ್ದೆ. ಆದರೆ ಅವಳೂ ಅದೇ ಮಣ್ಣಿನವಳಲ್ಲವೇ. "ನೀನು ಸರಿಯಾಗೇ ಹೇಳಿದ್ದೀಯ ಬಿಡೆ. ಒಂದ್ಸಲ ಕರ್ದವ್ರು ಹಬ್ಬದ ದಿನ ಬಂದು ಕರೀದೆ ಇರ್ತಾರಾ" ಎಂದು ನನಗೆ ಧೈರ್ಯ ಹೇಳಿದಳು. ಆದರೂ ಇರಲಿ ಎಂದು ನಾನು ನೆನಪು ಮಾಡಿಕೊಡುವ ಪ್ರಯತ್ನ ಬಿಡಲಿಲ್ಲ. ಮನೆಯಲ್ಲಿ ಡಬ್ಬಿ ತುಂಬ ಉಪ್ಪಿದ್ದರೂ ಉಪ್ಪು ಕೇಳುವ ನೆವದಲ್ಲಿ ಕೆಳಗೆ ಹೋಗಿ, ಹಬ್ಬಕ್ಕೆ ಏನೇನು ಅಡುಗೆ ಎಂದು ವಿಚಾರಿಸಿದೆ. ಅವರು ಹುರಿದ ಆಲೂಗಡ್ಡೆಯಿಂದ ಹಿಡಿದು ತಿಂಗಳ ಹಿಂದೆಯೇ ಮಾಡಿಟ್ಟ ಒಣಹಣ್ಣಿನ ಪುಡಿಂಗಿನವರೆಗೆ ಎಲ್ಲವನ್ನೂ ಹೇಳಿ, ಉಪ್ಪು ಕೊಟ್ಟು ಕಳಿಸಿದರು. ನನ್ನ ಬಾಯಲ್ಲಿ ನೀರೂರಿದ್ದಷ್ಟೇ ಲಾಭ.

ಕ್ರಿಸ್‌ಮಸ್ ದಿನ ಅಲ್ಲಿ ಒಂದು ಅಂಗಡಿಯೂ ತೆರೆಯುವುದಿಲ್ಲ, ಒಂದು ಬಸ್ಸೂ ಓಡುವುದಿಲ್ಲ. ಎರಡನೇ ಕರೆಯನ್ನೇ ನಂಬಿದ ನಾವು ಏನೂ ತಂದಿಟ್ಟಿರಲಿಲ್ಲ. ಮನೆಯಲ್ಲಿದ್ದದ್ದು ಅರ್ಧ ಪ್ಯಾಕೆಟ್ ರಸ್ಕು ಮತ್ತು ಮಾವಿನಕಾಯಿ ಉಪ್ಪಿನಕಾಯಿ. ಹತ್ತು ಗಂಟೆಗೇ ತಲೆ ಬಾಚಿ, ಎರಡೆರಡು ಸ್ವೆಟರಿನ ಮೇಲೆ ರೇಷ್ಮೆ ಸೀರೆ ಸುತ್ತಿಕೊಂಡು, ಮಾರ್ಗರೆಟ್ ಅವರಿಗೆ ಹತ್ತಿ ಬರುವ ಕಷ್ಟ ಬೇಡವೆಂದು ಮೆಟ್ಟಿಲ ಮೇಲೆಯೇ ಕೂತೆವು. ಹನ್ನೆರಡಾಯಿತು, ಬೆಣ್ಣೆಯಲ್ಲಿ ಏನೋ ಬೇಯುವ ವಾಸನೆ ಬಂತು. ಒಂದಾಯಿತು, ತಟ್ಟೆಯ ಸದ್ದಾಯಿತು. ಆಮೇಲೆ ಕುರ್ಚಿ ಎಳೆದ ಸದ್ದು ಕೇಳಿತು. ರತ್ನ ಕಿವಿಗೊಟ್ಟು ಕೇಳಿ ಮೆಲ್ಲಗೆ ಹೇಳಿದಳು, "ಒಂದೇ ಕುರ್ಚಿ ಕಣೆ."

ಅಲ್ಲಿಯವರೆಗೆ ನಾನು ನನ್ನ ಹೊಟ್ಟೆಯ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ. ಹಬ್ಬದ ದಿನ ಅವರೂ ಒಬ್ಬರೇ ಕೂತಿದ್ದಾರೆ, ಅದಕ್ಕೆ ನನ್ನ ಮರ್ಯಾದೆಯೇ ಕಾರಣ ಎನಿಸಿ ಬೇಸರವಾಯಿತು. ರತ್ನನನ್ನೂ ಕರೆದುಕೊಂಡು ಕೆಳಗೆ ಹೋಗಿ ಬಾಗಿಲು ಬಡಿದೆ. ಕರೆಯದೆ ಊಟಕ್ಕೆ ಹೋದದ್ದು ಜೀವನದಲ್ಲಿ ಅದೇ ಮೊದಲು. ಅವರು ಬಾಗಿಲು ತೆರೆದ ಕೂಡಲೇ ಹೇಳಿದೆ, "ಅವತ್ತು ಬೇಡ ಅಂದದ್ದು ಸುಳ್ಳು. ಬರಬೇಕು ಅಂತ ತುಂಬ ಆಸೆ ಇತ್ತು. ಈಗಲೂ ಇದೆ."

ಮಾರ್ಗರೆಟ್ ನಮ್ಮ ಸೀರೆ ನೋಡಿದರು, ಸೀರೆಯೊಳಗಿಂದ ಇಣುಕುತ್ತಿದ್ದ ಸ್ವೆಟರ್ ನೋಡಿದರು. ನೀವು ಬೇಡ ಅಂದಿರಿ, ಒತ್ತಾಯ ಮಾಡಿದರೆ ನಿಮಗೆ ಮುಜುಗರ ಎಂದು ಸುಮ್ಮನಿದ್ದೆ ಎಂದರು. ಮಾಂಸ ತಿನ್ನದ ನಮಗಾಗಿಯೇ, ನಮ್ಮನ್ನು ಕರೆಯುವ ಮೊದಲೇ, ಬೀಜ ತರಕಾರಿ ಅರೆದು ಬೇಯಿಸುವ ರೊಟ್ಟಿಯಂಥದ್ದೊಂದನ್ನು ತಂದು ಫ್ರಿಜ್ಜಿನಲ್ಲಿಟ್ಟಿದ್ದರು. ಅದು ಒಲೆಯಲ್ಲಿ ಬೇಯುವವರೆಗೆ ನಾವು ಮೂವರೂ ಅಲ್ಲಿಯ ಹಬ್ಬದ ಪದ್ಧತಿಯಂತೆ ಕಾಗದದ ಕಿರೀಟ ಹಾಕಿಕೊಂಡು ಆಲೂಗಡ್ಡೆ ತಿಂದೆವು. ನಾನು ನಮ್ಮ ಕಡೆಯ ಪದ್ಧತಿಯನ್ನೆಲ್ಲ ವಿವರಿಸಿದೆ. ಅವರು ಕಿರೀಟ ಜಾರುವಷ್ಟು ನಕ್ಕು, ಆಮೇಲೆ ಗಂಭೀರವಾಗಿ, ಹಾಗಾದರೆ ಎಷ್ಟು ಸಲ ಕರೆಯಬೇಕು ಎಂದು ಕೇಳಿದರು. ಕನಿಷ್ಠ ಮೂರು ಎಂದೆ ನಾನು. ಮಡಕಶಿರಾ ಕಡೆ ಎರಡಕ್ಕೇ ನಡೆಯುತ್ತದೆ ಎಂದಳು ರತ್ನ. ಪುಡಿಂಗ್ ಬಡಿಸುವಾಗ ಅವರು ಬೆರಳು ಮಡಿಸುತ್ತ ಮೂರು ಸಲ ಕೇಳಿದರು. ಅಷ್ಟು ರುಚಿಯ ಊಟವನ್ನು ನಾನು ಆ ದೇಶದಲ್ಲಿ ಮತ್ತೆ ಉಣ್ಣಲಿಲ್ಲ.

ಈಗ ನಾನು ರಾಯದುರ್ಗಕ್ಕೆ ಮರಳಿ ಅಪ್ಪನ ಅಂಗಡಿಯಲ್ಲಿ ಕೂರುತ್ತೇನೆ. ಕಳೆದ ವಾರ ಮಾರ್ಗರೆಟ್ ಅವರಿಗೆ ಫೋನ್ ಮಾಡಿ ಕ್ರಿಸ್‌ಮಸ್ ಶುಭಾಶಯ ಹೇಳಿ, ಸಂಕ್ರಾಂತಿಗೆ ನಮ್ಮೂರಿಗೆ ಬನ್ನಿ ಎಂದು ಕರೆದೆ. ಅಯ್ಯೋ ಬೇಡ, ನಿಮಗ್ಯಾಕೆ ತೊಂದರೆ ಎಂದರು. ಹೊರದೇಶದಲ್ಲಿ ಓದಿ ಬಂದವಳು ನಾನು, ಅವರ ಪದ್ಧತಿ ನನಗೆ ತಿಳಿಯದೇ? ಸರಿ ಎಂದು ಫೋನ್ ಇಟ್ಟೆ. ಅವರ ಮಾತಿಗೆ ಬೆಲೆ ಕೊಟ್ಟೆನೆಂದು ಒಳಗೊಳಗೇ ಹೆಮ್ಮೆಯೂ ಆಯಿತು.

ನಿನ್ನೆ ಮಡಕಶಿರಾದಿಂದ ರತ್ನನ ಫೋನ್ ಬಂತು. "ಏನೇ ನೀನು, ಹಂಗೇನಾ ಕರಿಯೋದು? ಪಾಪ, ಮಾರ್ಗರೆಟ್ಟಮ್ಮ ನಂಗೆ ಫೋನ್ ಮಾಡಿದ್ರು. ಪಾಸ್‌ಪೋರ್ಟ್ ಮೇಜಿನ ಮೇಲೆ ಇಟ್ಕೊಂಡು ಕೂತವ್ರೆ. ಇನ್ನೆರಡು ಸಲ ಯಾವಾಗ ಕರೀತಾಳೆ ಅಂತ ಕೇಳ್ತಾವ್ರೆ."

ಈ ವಿಷಯವನ್ನು ಅವ್ವನಿಗೆ ಇನ್ನೂ ಹೇಳಿಲ್ಲ.